ಕಸೂತಿಯವಳ ವೆಬ್‌ಸೈಟು

"ಮೇಡಂ ನನ್ನ ನಂಬಿ ಹೇಳಿದ್ದು ಇದು, ಯಾರಿಗೂ ಹೇಳ್ಬೇಡ" ಅಂದಿದ್ಲು ಅಕ್ಕ. ಆದ್ರೂ ಹೇಳ್ತೀನಿ.

ಅಕ್ಕ ಚೂಡಾಮಣಿ ಮೇಡಂ ಹತ್ರ ವೆಬ್‌ಸೈಟ್ ಮಾಡೋದು ಕಲೀತಿದ್ಲು. ಒಂದೊಂದು ಕೆಲಸಕ್ಕೆ ಅಂತ ಸೈಟಿಗೆ ಸಿಕ್ಕಿಸೋ ರೆಡಿಮೇಡ್ ತುಣುಕಿಗೆ ಪ್ಲಗಿನ್ ಅಂತಾರೆ. ಒಂದಿನ ಕೇಳಿದ್ಲು: "ಮೇಡಂ, ಸೈಟಿಗೆ ಇನ್ನೂ ಯಾವ ಪ್ಲಗಿನ್ ಸಿಕ್ಕಿಸಿದ್ರೆ ಕೆಲಸ ಸಲೀಸಾಗುತ್ತೆ?"

ಮೇಡಂ ಕತೆ ಹೇಳಿದ್ರು.

ಒಬ್ಬಳು ಕಸೂತಿ ಹಾಕೋಳಿದ್ಲು. ಅವಳಿಗೊಬ್ಬ ಗೆಳತಿ. ಒಂದೇ ಸೆರಗಿನ ಎರಡು ತುದಿಯಿಂದ ಹೊಲ್ಕೊಂಡು ಬಂದು ನಡುವೆ ಸೇರೋರು. ಒಂದ್ಸಲ ಪ್ರದರ್ಶನದಲ್ಲಿ ಯಾರೋ ಹೊಗಳಿದಾಗ ಕಸೂತಿಯವಳು "ಎಲ್ಲಾ ನಾನೇ ಹಾಕಿದ್ದು" ಅಂದ್ಬಿಟ್ಲು. ಪಕ್ಕದಲ್ಲೇ ನಿಂತಿದ್ದ ಗೆಳತಿ ತನ್ನ ಚೀಲ ಎತ್ಕೊಂಡು ಹೊರಟ್ಲು. ಮನೆಗೆ ಹೋದೋಳು ಮತ್ತೆ ಬರ್ಲಿಲ್ಲ.

ಹೋಗಿ ಕರೆಯೋಕೆ ಇವಳಿಗೆ ಮುಖ ಇಲ್ಲ. ಅದಕ್ಕೆ ವೆಬ್‌ಸೈಟ್ ಮಾಡಿದ್ಲು. ಇಬ್ರೂ ಹಾಕಿದ ಸೀರೆಗಳ ಫೋಟೋ ಏರಿಸಿ, ಪ್ರತಿಯೊಂದರ ಕೆಳಗೂ ಗೆಳತಿ ಹೆಸರು ಮೊದಲು, ತನ್ನದು ಆಮೇಲೆ ಬರೆದ್ಲು. ಪುಟ ಜೋಡಿಸೋಕೆ ಒಂದು ಪ್ಲಗಿನ್, ಫೋಟೋ ಹಗುರ ಮಾಡೋಕೆ ಇನ್ನೊಂದು. ಅರೆಬರೆ ಕೆಲಸ ಯಾರ ಕಣ್ಣಿಗೂ ಬೀಳ್ಬಾರ್ದು ಅಂತ, ಬಂದೋರಿಗೆ "ಕೆಲಸ ನಡೀತಿದೆ, ಆಮೇಲೆ ಬನ್ನಿ" ಅಂತ ತೋರ್ಸೋದೂ ಒಂದು.

ಸೈಟು ಮುಗೀತು. ವಿಳಾಸಾನ ನಾದಿನಿ ಕೈಲಿ ಗೆಳತಿಗೆ ಮುಟ್ಟಿಸಿದ್ಲು. ಆ ಕೊನೇ ಪ್ಲಗಿನ್ ತೆಗೆಯೋದು ಮಾತ್ರ ಮರೆತ್ಲು. ಲಾಗಿನ್ ಆಗಿ ಕೂತಿದ್ದ ಅವಳಿಗೊಬ್ಬಳಿಗೆ ಎಲ್ಲಾ ಕಾಣ್ತಿತ್ತು.

ದಿನಾ ಬೆಳಿಗ್ಗೆ ಎದ್ದು ಕಾಮೆಂಟ್ ನೋಡೋಳು. ಖಾಲಿ. ಬಣ್ಣ ಹಿಡಿಸ್ಲಿಲ್ವೇನೋ ಅಂತ ಬಣ್ಣ ಬದಲಾಯಿಸೋಳು. ಪುಟ ತೆರೆಯೋದು ನಿಧಾನ ಆಯ್ತೇನೋ ಅಂತ ಇನ್ನೊಂದು ಪ್ಲಗಿನ್ ಹಾಕೋಳು. ಮತ್ತೆ ಕಾಯೋಳು. ಕಸೂತಿ ಹಿಂದೂ ಮುಂದೂ ಒಂದೇ ಥರ ಕಾಣ್ಬೇಕು; ಬಟ್ಟೆ ತಿರುವಿ ನೋಡದೆ ಅವಳು ಮುಂದಿನ ಹೊಲಿಗೆ ಹಾಕಿದೋಳಲ್ಲ. ಸೈಟನ್ನ ಒಂದ್ಸಲಾನೂ ತಿರುವಿ ನೋಡ್ಲಿಲ್ಲ.

ಕೊನೆಗೆ ನಾದಿನಿ ಬಂದು ತನ್ನ ಫೋನ್ ತೋರಿಸಿದ್ಲು. "ಏನತ್ತಿಗೆ, ಅರಮನೆ ಕಟ್ತಿದೀರಾ? ಇನ್ನೂ ಕೆಲಸ ನಡೀತಿದೆ ಅಂತ್ಲೇ ಇದೆ. ಪಾಪ ನಿಮ್ಮ ಗೆಳತಿ ದಿನಾ ತೆಗೆದು ನೋಡೋರು. ಬರ್ಬೇಡ ಅನ್ನೋಕೆ ಇದೂ ಒಂದು ದಾರಿ ಅಂದ್ಕೊಂಡು ಈಗ ನೋಡೋದೇ ಬಿಟ್ಬಿಟ್ಟಿದಾರೆ."

ಕಸೂತಿಯವಳು ಬರಿಗಾಲಲ್ಲೇ ಗೆಳತಿ ಮನೆಗೆ ಓಡಿದ್ಲು. ಬಾಗಿಲು ಹಾಕಿತ್ತು. ತಟ್ಟಿದ್ಲು. "ನಾನು ಕಣೇ" ಅಂದ್ಲು. ಒಳಗೆ ಬಳೆ ಸದ್ದಾಯ್ತು, ನಿಂತ್ಹೋಯ್ತು.

ಮೇಡಂ ಅಲ್ಲಿಗೇ ನಿಲ್ಲಿಸಿದ್ರು. ಅಕ್ಕನಿಗೆ ತಡೆಯೋಕಾಗ್ಲಿಲ್ಲ.

"ಬಾಗಿಲು ತೆಗೆದ್ಲಾ ಮೇಡಂ?"

"ಇಷ್ಟು ದಿನ ಸೈಟಿನ ಒಳಗೇ ಕೂತಿದ್ದೋಳು ಕಣಮ್ಮ, ಈಗ ಬಾಗಿಲ ಹೊರಗೆ ನಿಂತಿದಾಳೆ."

ಅಕ್ಕ ಲಾಗೌಟ್ ಆಗಿ, ತನ್ನ ಸೈಟನ್ನ ಹೊರಗಿನೋರ ಥರ ತೆಗೆದು ನೋಡಿದ್ಲು.