ಬೋರಲಿಂಗನ ವಾಲಗ, ದೊರೆಯ ಊಳು

ಕೇಳುವವರು ಹತ್ತಿರ ಕೂತ್ಕೊಳ್ಳಿ, ನಂಬದವರು ಇನ್ನೂ ಹತ್ತಿರ ಕೂತ್ಕೊಳ್ಳಿ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ನಿಜ, ಮಿಕ್ಕ ಕಾಲು ಪಾಲು ಅದಕ್ಕಿಂತಲೂ ನಿಜ. ಇದು ಸೀಗೇಪಾಳ್ಯದ ಬೋರಲಿಂಗನ ಕತೆ. ಹಾಗೆ ನೋಡಿದರೆ ನನ್ನ ಮದುವೆಯ ಕತೆಯೂ ಹೌದು, ಗಂಡು ನಾನೇ. ಆ ಮದುವೆ ನೆಟ್ಟಗೆ ನಡೆದದ್ದು ಬೋರಲಿಂಗನ ಪೆದ್ದುತನದ ಪುಣ್ಯದಿಂದ. ಆ ಋಣ ತೀರಿಸೋಕೆ ನನಗೆ ಗೊತ್ತಿರುವ ದಾರಿ ಒಂದೇ, ಸಿಕ್ಕಿದವರಿಗೆಲ್ಲ ಈ ಕತೆ ಹೇಳುವುದು.

ಸೀಗೇಪಾಳ್ಯದಲ್ಲಿ ದೊಡ್ಡತಾಯಮ್ಮ ಅಂತ ಒಬ್ಬಳು ತಾಯಿ. ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ತಗಲಿದರೆ ಬಾಗಿಲಿಗೆ ನೋವಾಯಿತೇನೋ ಅಂತ ಅದನ್ನು ಸವರುವಷ್ಟು ಪೆದ್ದ. ಅವರು ತಲೆತಲಾಂತರದಿಂದ ವಾಲಗದವರು. ಊರಲ್ಲಿ ಯಾರ ಮದುವೆಯಾದರೂ ನಾಗಸ್ವರ ಊದುವ ಹಕ್ಕು ಆ ಮನೆಯದು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಊರ ಪಟೇಲರು ಕೆಂಪರಂಗಪ್ಪನವರು, ಅಂದರೆ ಮುಂದೆ ನನ್ನ ಮಾವನಾದವರು, ದೊಡ್ಡತಾಯಮ್ಮನನ್ನು ಕರೆಸಿ ಹೇಳಿದರಂತೆ: ವೈಶಾಖದಲ್ಲಿ ನಮ್ಮ ರಂಗನಾಯಕಿ ಮದುವೆ, ನಿನ್ನ ಮಗ ಸರಿಯಾಗಿ ಗಟ್ಟಿಮೇಳ ಊದಿದರೆ ಹಕ್ಕು ನಿಮ್ಮ ಮನೆಯಲ್ಲೇ ಉಳಿಯುತ್ತೆ, ಇಲ್ಲದಿದ್ದರೆ ಪಕ್ಕದೂರಿನ ಮೇಳಕ್ಕೆ ವೀಳ್ಯ ಕೊಡ್ತೀನಿ, ಆಮೇಲೆ ನನ್ನ ಅನ್ನಬೇಡ.

ಬೋರಲಿಂಗ ಊದುವುದರಲ್ಲಿ ಕಮ್ಮಿ ಇರಲಿಲ್ಲ. ಉಸಿರು ಕಟ್ಟದೆ ಒಂದು ಜಾವ ಊದಬಲ್ಲ. ಅದೊಂದು ರಕ್ತದಲ್ಲೇ ಬಂದಿತ್ತು. ತೊಂದರೆ ಇದ್ದದ್ದು ಅವನ ನಾಯಿಯಿಂದ. ಅದರ ಹೆಸರು ದೊರೆ. ಬೋರಲಿಂಗ ಬೆಳಿಗ್ಗೆ ಜಗಲಿಯ ಮೇಲೆ ಕೂತು ನಾಗಸ್ವರ ಬಾಯಿಗಿಟ್ಟರೆ ಸಾಕು, ದೊರೆ ಪಕ್ಕ ಬಂದು ಕೂತು ಮೂತಿ ಮೇಲೆತ್ತಿ ಊಳಿಡುತ್ತಿತ್ತು. ಇವನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ಇವನು ಊದಿದರೆ ಮತ್ತೆ ಊಳು. ಬೆಕ್ಕು ಅಟ್ಟ ಹತ್ತಿ ಮೂರು ದಿನ ಇಳಿಯಲಿಲ್ಲ. ಹೇಟೆ ಮೊಟ್ಟೆ ಇಡುವುದಕ್ಕೆ ಎದುರು ಮನೆಗೆ ಹೋಗತೊಡಗಿತು. ನಾಯಿಯನ್ನು ಕಟ್ಟಿಹಾಕಿದರೆ ಹಗ್ಗ ಕಡಿದುಕೊಂಡು ಓಡಿಬರುತ್ತಿತ್ತು. ನಾಯಿ ಊಳಿಟ್ಟರೆ ಸಾವಿನ ಶಕುನ ಅನ್ನುವ ಊರದು. ತಾಳಿ ಕಟ್ಟುವ ಹೊತ್ತಿಗೆ ಅದು ಊಳಿಟ್ಟರೆ ಹಕ್ಕಿನ ಗತಿ ಏನು?

ದೊಡ್ಡತಾಯಮ್ಮ ಯೋಚಿಸಿ ಯೋಚಿಸಿ ಒಂದು ಬುದ್ಧಿ ಹೇಳಿದಳು. ಊಳಿಡೋಕೆ ಬಾಯಿ ತೆಗೆಯಿತೋ, ತಕ್ಷಣ ಒಂದು ತುತ್ತು ಮುದ್ದೆ ತುರುಕು, ಬಾಯಿ ತುಂಬಿದ್ದರೆ ಸದ್ದು ಎಲ್ಲಿಂದ ಬರುತ್ತೆ ಅಂದಳು. ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ ಬೋರಲಿಂಗ. ಅವನ ಹತ್ತಿರ ಇದೊಂದೇ ಕಷ್ಟ, ಹೇಳಿದರೆ ಹೇಳಿದ ಹಾಗೇ ಮಾಡುತ್ತಾನೆ.

ಮರುದಿನ ಅವಳ ಅಣ್ಣ ತಿಮ್ಮರಾಯಪ್ಪ ಬಂದ. ಮೇಳಕ್ಕೆ ಡೋಲು ಬಾರಿಸುವವನು ಅವನೇ. ಸೋದರಳಿಯನ ಪಾಠ ಎಲ್ಲಿಗೆ ಬಂತು ನೋಡೋಣ ಅಂತ ಎದುರು ಕೂತು, ರಾಗ ಹೀಗಲ್ಲ ಹೀಗೆ ಅಂತ ತೋರಿಸಲು ಕಣ್ಣು ಮುಚ್ಚಿ, ಬಾಯಿ ತೆಗೆದು ಆಲಾಪ ಎತ್ತಿದ. ಬೋರಲಿಂಗ ನಾಗಸ್ವರ ಕೆಳಗಿಟ್ಟ. ತಪ್ಪಲೆಗೆ ಕೈ ಹಾಕಿದ. ಬಿಸಿ ಬಿಸಿ ರಾಗಿ ಮುದ್ದೆ, ಮುಷ್ಟಿ ಗಾತ್ರದ್ದು, ಒಂದೇ ಏಟಿಗೆ ಒಳಗೆ. ತಿಮ್ಮರಾಯಪ್ಪನ ಆಲಾಪ ಅಲ್ಲೇ ಸಮಾಪ್ತಿ. ಮೀಸೆಗೆ ಅಂಟಿದ್ದನ್ನು ಬಿಡಿಸೋಕೆ ಎಣ್ಣೆ ಹಚ್ಚಬೇಕಾಯಿತು.

ದೊಡ್ಡತಾಯಮ್ಮ ಹಣೆ ಚಚ್ಚಿಕೊಂಡಳು. "ಲೋ, ಕಲಿಸೋಕೆ ಬಂದೋರ ಬಾಯಿಗೆ ಮುದ್ದೆ ತುರುಕ್ತಾರೇನೋ? ಅವರು ಬಾಯಿ ತೆಗೆದರೆ ನೀನು ಕೈಕಟ್ಟಿ ಕೂತು, ಅವರು ಮುಗಿಸೋವರೆಗೂ ಕೇಳಬೇಕು ಕಣೋ."

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ.

ಮರುದಿನ ದೊಡ್ಡತಾಯಮ್ಮ ಸಂತೆಗೆ ಹೋದಳು. ಬೋರಲಿಂಗ ನಾಗಸ್ವರ ಎತ್ತಿ ಒಂದು ಸ್ವರ ಊದಿದ್ದೇ ತಡ, ಕೊಟ್ಟಿಗೆಯಲ್ಲಿ ಎಮ್ಮೆ ಅರಚಿತು. ಇವನು ಊದುವುದು ಬಿಟ್ಟು ಎಮ್ಮೆಯ ಮುಂದೆ ಹೋಗಿ ಕೈಕಟ್ಟಿ ಕೂತ. ಹಾಲು ಕರೆಯುವ ಹೊತ್ತು ಮೀರಿತ್ತು. ಕೆಚ್ಚಲು ಬಿಗಿದು ಎಮ್ಮೆ ಅರಚುತ್ತಿತ್ತು, ಆ ಕಡೆ ಗೂಟದಲ್ಲಿ ಕರು ಹಸಿದು ಅರಚುತ್ತಿತ್ತು. ಬೋರಲಿಂಗ ಇಬ್ಬರ ಪಾಠವನ್ನೂ ತಲೆದೂಗಿ ಕೇಳಿದ. ಸಾಯಂಕಾಲ ತಾಯಿ ಬಂದು ನೋಡಿದರೆ ಇನ್ನೂ ಕೈ ಬಿಚ್ಚಿಲ್ಲ. ಎಮ್ಮೆ ಇನ್ನೂ ಮುಗಿಸಿಲ್ಲ ಅವ್ವ, ಬಹಳ ದೊಡ್ಡ ವಿದ್ವಾಂಸ ಅಂದನಂತೆ.

ಅವಳು ಚೀಲ ಬಿಸಾಕಿ ಎಮ್ಮೆಯ ಕಡೆ ಓಡಿದಳು. ತಾಯಿ ಅರಚ್ತಿದ್ದರೆ ಕೈಕಟ್ಟಿ ಕೂರ್ತಾರೇನೋ, ಓಡಿಹೋಗಿ ಮರಿಯನ್ನು ಬಿಚ್ಚಿ ತಂದು ಅದರ ಮುಂದೆ ಬಿಡಬೇಕು, ಆಗ ತಾನಾಗೇ ಸುಮ್ಮನಾಗುತ್ತೆ ಅಂತ ಬೈದಳು.

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ.

ಈಗ ನನ್ನ ಹೆಂಡತಿಯ ಪ್ರವೇಶ. ಆಗ ಅವಳಿನ್ನೂ ನನ್ನ ಹೆಂಡತಿಯಲ್ಲ, ಅರಿಶಿನ ಹಚ್ಚಿಸಿಕೊಂಡು ಒಳಮನೆಯಲ್ಲಿ ಕೂತ ಮದುವಣಗಿತ್ತಿ. ಅರಿಶಿನ ಹಚ್ಚಿದ ಮೇಲೆ ಹುಡುಗಿ ಹೊಸಲು ದಾಟಬಾರದು, ದೃಷ್ಟಿ ತಗಲುತ್ತೆ. ಅವಳ ತಾಯಿ, ಪಟೇಲರ ಹೆಂಡತಿ, ಮೂರು ದಿನದಿಂದ ನಾಗಸ್ವರ ಮತ್ತು ಊಳು ಎರಡನ್ನೂ ಕೇಳಿ ಕೇಳಿ ತಲೆ ಕೆಟ್ಟು, ದೊಡ್ಡತಾಯಮ್ಮನ ಜಗಲಿಗೆ ಬಂದು ನಿಂತು ಕಿರುಚಾಡಿದರು. ಬೋರಲಿಂಗ ಎದ್ದ. ಒಂದೇ ಓಟ. ಪಟೇಲರ ಮನೆಗೆ ನುಗ್ಗಿ, ಒಳಮನೆಯ ಚಿಲಕ ತೆಗೆದು, ರಂಗನಾಯಕಿಯ ಕೈ ಹಿಡಿದು ಬೀದಿಯಲ್ಲಿ ಓಡಿಸಿಕೊಂಡು ಬಂದು ಅವಳ ತಾಯಿಯ ಮುಂದೆ ಬಿಟ್ಟ.

"ಇಗೊಳ್ಳಿ ಅಮ್ಮಾರೇ, ನಿಮ್ಮ ಕರು."

ಒಂದು ವಾರದಿಂದ ಗೋಡೆ ನೋಡಿಕೊಂಡು ಕೂತಿದ್ದ ಹುಡುಗಿ, ಮೈಯೆಲ್ಲ ಅರಿಶಿನ, ಬೀದಿಯ ನಡುವೆ ನಿಂತು ನಕ್ಕಳು ನೋಡಿ, ಆ ನಗು ಇವತ್ತಿಗೂ ನಿಂತಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನಾನು ಕೂಗಾಡಿದರೆ, ಯಾರಾದರೂ ಇವರ ಕರು ತಂದುಬಿಡ್ರಪ್ಪ ಅನ್ನುತ್ತಾಳೆ. ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಆದರೆ ಅವತ್ತು ಅವಳೊಬ್ಬಳೇ ನಕ್ಕದ್ದು. ದೊಡ್ಡತಾಯಮ್ಮ ಪಟೇಲರ ಹೆಂಡತಿಯ ಕಾಲಿಗೆ ಬಿದ್ದು, ಅವರು ಹೋದ ಮೇಲೆ ಮಗನಿಗೆ ಶಾಸ್ತ್ರ ಬಿಡಿಸಿ ಹೇಳಿದಳು: ಮದುವೆ ಕಾಲದಲ್ಲಿ ಮನೆಯಿಂದ ಹೊರಗೆ ಕರಕೊಂಡು ಹೋಗಲೇಬೇಕಾದರೆ ಹಾಗೆ ಓಡಿಸಬಾರದು, ತಲೆ ಮೇಲೆ ಮುಸುಕು ಹೊದಿಸಿ, ಕೊಡೆ ಹಿಡಿದು, ಮೆಲ್ಲಗೆ ಹೆಜ್ಜೆ ಹಾಕಿಸಿ, ಮರ್ಯಾದೆಯಿಂದ ಕರಕೊಂಡು ಹೋಗಬೇಕು.

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ.

ಮದುವೆಯ ಹಿಂದಿನ ದಿನ ದೊಡ್ಡತಾಯಮ್ಮನಿಗೆ ಕಂಡದ್ದು ಒಂದೇ ದಾರಿ. ದೊರೆಯನ್ನು ಆಚೆ ಊರಿನ ಮಾವನ ಮನೆಯಲ್ಲಿ ಬಿಟ್ಟು ಬಾ ಅಂತ ಮಗನಿಗೆ ಹೇಳಿ ಕಳಿಸಿದಳು. ಅದೇ ಹೊತ್ತಿಗೆ ನಮ್ಮ ಗಂಡಿನ ದಿಬ್ಬಣ ಸೀಗೇಪಾಳ್ಯದ ಗಡಿಗೆ ಬಂತು. ಎದುರಿಗೆ ನೋಡಿದರೆ ಎತ್ತರದ ಆಳೊಬ್ಬ ಕೊಡೆ ಹಿಡಿದು, ಕೆಂಪು ರೇಷ್ಮೆ ಸೀರೆಯ ಮುಸುಕು ಹೊದ್ದ ಯಾರನ್ನೋ ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ ನಿಲ್ಲಿಸಿ ಕರೆತರುತ್ತಿದ್ದಾನೆ. ಹೆಣ್ಣಿನ ಕಡೆಯವರು ಹೆಣ್ಣನ್ನೇ ಎದುರುಗೊಳ್ಳಲು ಕಳಿಸಿದ್ದಾರೆ, ಎಂಥ ಮರ್ಯಾದಸ್ಥರು ಅಂತ ನಮ್ಮ ಸೋದರತ್ತೆ ಅಕ್ಷತೆ ಹಾಕಿದಳು. ನನಗೂ ಅನುಮಾನ ಬರಲಿಲ್ಲ. ಹೆಣ್ಣು ನೋಡಲು ಹೋದಾಗ ರಂಗನಾಯಕಿ ಕೂತಲ್ಲಿಂದ ಎದ್ದಿರಲಿಲ್ಲ, ಹುಡುಗಿ ಸ್ವಲ್ಪ ಕುಳ್ಳಿ ಅಂತ ಬೇರೆ ಹೇಳಿದ್ದರು. ನಮ್ಮ ಚಿಕ್ಕಪ್ಪ ಗಾಡಿಯಿಂದ ಇಳಿದು ಬಗ್ಗಿ, ಕ್ಷೇಮವೇನಮ್ಮ ಅಂತ ಕೈ ಚಾಚಿದ. ಮುಸುಕಿನೊಳಗಿಂದ ಒಂದು ನಾಲಗೆ ಬಂದು ಅವನ ಕೈಯನ್ನು ಮೊಣಕೈವರೆಗೂ ನೆಕ್ಕಿತು.

ನಾನು ಗಾಡಿಯಲ್ಲಿ ಬಿದ್ದು ಬಿದ್ದು ನಕ್ಕೆ. ಚಿಕ್ಕಪ್ಪ ನಗಲಿಲ್ಲ. ನನ್ನಿಂದ ನಾಯಿಯ ಕ್ಷೇಮ ಕೇಳಿಸಿದರಲ್ಲ, ನಾಳೆ ಮಂಟಪದಲ್ಲೇ ಎದ್ದು ನಿಂತು ಇವರ ಮಾನ ತೆಗೀತೀನಿ, ಮದುವೆ ನಿಂತರೆ ನಿಲ್ಲಲಿ ಅಂತ ಆಣೆ ಇಟ್ಟ. ಆ ಗಲಾಟೆಯಲ್ಲಿ ದೊರೆ ಸೀರೆ ಸಮೇತ ಮನೆಗೆ ಓಡಿಹೋಗಿತ್ತು.

ಸುದ್ದಿ ಕೇಳಿ ಪಟೇಲರು ಪಕ್ಕದೂರಿನ ಮೇಳಕ್ಕೆ ವೀಳ್ಯ ಕಳಿಸಲು ಹೊರಟರು. ದೊಡ್ಡತಾಯಮ್ಮ ಅವರ ಬಾಗಿಲಲ್ಲಿ ಕೂತುಬಿಟ್ಟಳು. ಇದೊಂದು ಹೋದರೆ ನಮಗೆ ಊರಲ್ಲಿ ನಿಲ್ಲೋಕೆ ಏನಿದೆ ಬುದ್ಧಿ ಅಂತ ಅತ್ತಳು. ನಾನು ಮಧ್ಯೆ ಬಾಯಿ ಹಾಕಿ, ಊದಿದರೆ ಆ ಕೊಡೆಯವನೇ ಊದಬೇಕು, ಇಲ್ಲದಿದ್ದರೆ ತಾಳಿ ಮುಟ್ಟೋದಿಲ್ಲ ಅಂದೆ. ಕರುಣೆಯಿಂದ ಅಂದೆ ಅಂತ ತಿಳಿಯಬೇಡಿ, ಇನ್ನೂ ಏನು ಮಾಡುತ್ತಾನೋ ನೋಡುವ ಆಸೆ. ಪಟೇಲರು ಒಪ್ಪಿದರು. ಆದರೆ ನಾಯಿಯ ಊಳು ಒಂದು ಕಿವಿಗೆ ಬಿದ್ದರೂ ಹಕ್ಕು ಹೋಯಿತು ಅಂದರು.

ಬೆಳಿಗ್ಗೆ ಮಂಟಪಕ್ಕೆ ಹೊರಡುವ ಮುಂಚೆ ದೊಡ್ಡತಾಯಮ್ಮ ಮಗನ ಗಲ್ಲ ಹಿಡಿದು ಹೇಳಿದಳು. "ಗಟ್ಟಿಮೇಳ ಇರೋದೇ ಕೆಟ್ಟ ಸದ್ದು, ಕೆಟ್ಟ ಮಾತು ಯಾರ ಕಿವಿಗೂ ಬೀಳಬಾರದು ಅಂತ ಕಣಪ್ಪ. ದೊರೆ ಊಳಿಟ್ಟರೆ ಅದು ಕೇಳದ ಹಂಗೆ ಊದು. ಅದು ನಿಲ್ಲಿಸೋವರೆಗೂ ನೀನು ನಿಲ್ಲಿಸಬೇಡ."

ಆಗಲಿ ಅವ್ವ, ಹಂಗೇ ಮಾಡ್ತೀನಿ ಅಂದ.

ಪುರೋಹಿತರು ಬೆರಳೆತ್ತಿದರು. ಬೋರಲಿಂಗ ಊದಿದ. ದೊರೆ ಎಲ್ಲಿಂದಲೋ ಬಂದು ಪಕ್ಕ ಕೂತು ಮೂತಿ ಎತ್ತಿತು. ಒಬ್ಬರ ಕಿವಿಗೂ ಊಳು ಬೀಳಲಿಲ್ಲ, ಅಂಥ ಊದು. ನಾನು ಮೂರು ಗಂಟು ಹಾಕಿದೆ. ಪುರೋಹಿತರು ಬೆರಳಿಳಿಸಿದರು. ತಿಮ್ಮರಾಯಪ್ಪ ಡೋಲು ನಿಲ್ಲಿಸಿದ. ಬೋರಲಿಂಗ ನಾಯಿಯ ಕಡೆ ನೋಡಿದ. ನಾಯಿ ನಿಲ್ಲಿಸಿಲ್ಲ. ಇವನೂ ನಿಲ್ಲಿಸಲಿಲ್ಲ. ಇವನು ನಿಲ್ಲಿಸಿಲ್ಲ. ನಾಯಿಯೂ ನಿಲ್ಲಿಸಲಿಲ್ಲ.

ಆಗ ಎದ್ದ ನೋಡಿ ನಮ್ಮ ಚಿಕ್ಕಪ್ಪ. ಕೈ ಬೀಸಿ, ಕಣ್ಣು ಕೆಂಪು ಮಾಡಿ, ಮೂರು ತಲೆಮಾರಿನ ಮಾತೆಲ್ಲ ತೆಗೆದು ಆಡಿದ. ಒಂದು ಅಕ್ಷರ ಯಾರಿಗೂ ಕೇಳಲಿಲ್ಲ. ಹಿರಿಯರು ಆಶೀರ್ವಾದ ಮಾಡುತ್ತಿದ್ದಾರೆ ಅಂತ ಪಟೇಲರು ಭಕ್ತಿಯಿಂದ ಕೈ ಮುಗಿದು ನಿಂತರು. ಮುಗಿದ ಮೇಲೆ ಒಂದು ಶಾಲು ಹೊದಿಸಿದರು. ಶಾಲು ಹೊದ್ದ ಮೇಲೆ ಯಾವ ಗಂಡಸು ಜಗಳವಾಡುತ್ತಾನೆ? ಕೂತುಕೊಂಡ. ಊಟದ ಪಂಕ್ತಿಯಲ್ಲಿ ನಮ್ಮ ಸೋದರತ್ತೆ ಪಾಯಸದ ಮೇಲೆ ಏನೋ ಅಂದಳು, ಅವರ ಕಡೆಯವರು ಏನೋ ತಿರುಗಿಸಿ ಅಂದರು, ಎರಡೂ ವಾಲಗದ ಪಾಲಾಯಿತು. ಬೀಗರು ಜಗಳವಾಡದ ಮದುವೆ ಅಂತ ನಾನು ನೋಡಿದ್ದು ಅದೊಂದೇ. ಅದೂ ನನ್ನದೇ ಆದದ್ದು ನನ್ನ ಪುಣ್ಯ.

ಪಟೇಲರಿಗೂ ಅದು ಅರ್ಥವಾಯಿತು. ಮಾತು ಕೇಳುವ ಹಾಗಿರಲಿಲ್ಲ, ಅದಕ್ಕೆ ಅವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ದೊಡ್ಡತಾಯಮ್ಮನ ಕೈಗೆ ಕೊಟ್ಟರು. ವೀಳ್ಯ ಕೊಟ್ಟರೆ ಇನ್ನು ಮುಂದೆಯೂ ನೀವೇ ಅಂತ. ಅವಳು ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ಅಳುತ್ತಾ, ಮಗನ ಕಡೆ ತಿರುಗಿ, ಸಾಕು ನಿಲ್ಲಿಸೋ ಅಂತ ಕೂಗಿದಳು. ಅದೂ ಕೇಳಲಿಲ್ಲ.

ನಮ್ಮ ಗಾಡಿ ಹೊರಟಿತು. ಹಿಂದೆ ದೊರೆ, ಅದರ ಹಿಂದೆ ಬೋರಲಿಂಗ, ಅವನ ಹಿಂದೆ ಕೂಗುತ್ತಾ ದೊಡ್ಡತಾಯಮ್ಮ. ದಾರಿಯಲ್ಲಿ ಹನ್ನೊಂದು ಊರು. ಎಣಿಸಿದವನು ನಾನೇ, ಒಂದೆರಡು ಹೆಚ್ಚಾಗಿದ್ದರೂ ಇರಬಹುದು. ಗಟ್ಟಿಮೇಳ ಕಿವಿಗೆ ಬಿದ್ದರೆ ಅಕ್ಷತೆ ಹಾಕುವುದು ನಮ್ಮ ಕೈಗಳಿಗೆ ಅಂಟಿದ ಅಭ್ಯಾಸ. ಒಂದೂರಲ್ಲಿ ಅಕ್ಕಿ ಕೇರುತ್ತಿದ್ದ ಅಜ್ಜಿ ಮೊರದಲ್ಲಿದ್ದದ್ದನ್ನೆಲ್ಲ ಎದುರಿಗಿದ್ದ ಅಜ್ಜನ ತಲೆಗೆ ಸುರಿದಳು. ಅಜ್ಜ ನಾಚಿಕೊಂಡು ತಲೆ ಬಗ್ಗಿಸಿದ.

ನಮ್ಮ ಮನೆಯ ಹೊಸಲಿಗೆ ಬರುವಷ್ಟರಲ್ಲಿ ದೊರೆಯ ಗಂಟಲು ಒಣಗಿ ಊಳು ನಿಂತಿತು. ಬೋರಲಿಂಗ ತಕ್ಷಣ ನಾಗಸ್ವರ ಇಳಿಸಿದ. ದೊಡ್ಡತಾಯಮ್ಮ ಏದುಸಿರು ಬಿಡುತ್ತಾ ಬಂದಳು. ಹನ್ನೊಂದು ಊರು ಕೂಗಿ ಅವಳ ದನಿ ಪೂರ್ತಿ ಹೋಗಿತ್ತು. ನನಗೆ ಕೈ ಮುಗಿದಳು, ರಂಗನಾಯಕಿಗೆ ಕೈ ಮುಗಿದಳು, ಮಗನ ಮುಖ ಸವರಿದಳು. ಬೈಯಲಿಲ್ಲ. ನಿಮ್ಮಪ್ಪನ ಹಕ್ಕು ಉಳಿಸಿದೆ ಕಣೋ, ನಿನ್ನ ಹೊಟ್ಟೆ ತಣ್ಣಗಿರಲಿ ಅನ್ನುತ್ತಿದ್ದಳು. ತುಟಿ ನೋಡಿದ ನಮಗೆ ಅಷ್ಟು ತಿಳಿಯಿತು.

ಬೋರಲಿಂಗನೂ ತುಟಿ ನೋಡಿದ. ಬೆಳಿಗ್ಗೆಯಿಂದ ಅವನು ಕಂಡದ್ದು ಅದನ್ನೇ: ಜನ ಬಾಯಿ ಆಡಿಸುತ್ತಾರೆ, ಮಾತು ಕೇಳುವುದಿಲ್ಲ, ಯಾಕೆಂದರೆ ಗಟ್ಟಿಮೇಳ ನಡೀತಿದೆ. ಈಗ ಅವ್ವನ ಬಾಯಿಯೂ ಆಡುತ್ತಿದೆ, ಮಾತು ಕೇಳುತ್ತಿಲ್ಲ.

"ಇನ್ನೂ ಮುಗಿದಿಲ್ಲ ಕಣೋ ದೊರೆ" ಅಂದ.

ಒಳಗಿಂದ ಚಿಕ್ಕಪ್ಪ ಆಗ ತಾನೇ ಶಾಲು ಕಿತ್ತೆಸೆದು, ಈಗ ಹೇಳ್ತೀನಿ ಕೇಳಿ ಅಂತ ಆಚೆ ಬಂದಿದ್ದ. ಬೋರಲಿಂಗ ನಾಗಸ್ವರ ಬಾಯಿಗಿಟ್ಟ. ದೊರೆ ಒಂದು ಗುಟುಕು ನೀರು ಕುಡಿದು ಮೂತಿ ಎತ್ತಿತು.