ಒಳಲೆಯ ಅಂಚಿನ ತಗ್ಗು

ಹಳೆಯ ವಸ್ತುಗಳನ್ನು ಕೂಡಿಡುತ್ತಿದ್ದ ಶ್ರೀಪಾಲಯ್ಯನ ಗಾಜಿನ ಬೀರುವಿಗೆ, ಕೂಸುಗಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯೊಂದು ಹೊಸದಾಗಿ ಬಂತು. ಪಕ್ಕದಲ್ಲಿದ್ದ ಕತ್ತಿ ಕೇಳಿತು: "ನಿನ್ನ ಕಥೆಯೇನು?"

"ದೇವೀರಮ್ಮನ ಮಗುವಿಗೆ ಹಾಲು ಕುಡಿಸುತ್ತಿದ್ದೆ. ನನ್ನ ಅಂಚಿನ ಈ ತಗ್ಗು ಅವನ ಮೊದಲ ಹಲ್ಲಿನದು. ಮಗು ಉಳಿಯಲಿಲ್ಲ. ನನ್ನನ್ನು ನೋಡಲಾರದೆ ಅವಳು ಕೊಟ್ಟುಬಿಟ್ಟಳು."

"ಇಷ್ಟಕ್ಕೆಲ್ಲ ಇಲ್ಲಿ ಯಾರೂ ನಿಂತು ನೋಡುವುದಿಲ್ಲ. ನಾನು ಎಳನೀರು ಕೆತ್ತುವ ಮಚ್ಚಾಗಿದ್ದೆ. ಈಗ ಕೋಟೆ ಗೆದ್ದ ಕತ್ತಿ. ಯಜಮಾನರು ಹೇಳಿದ್ದನ್ನು ಕೇಳಿಕೊಂಡು ಸುಮ್ಮನಿರು."

ಮರುದಿನ ಶ್ರೀಪಾಲಯ್ಯ ನೆಂಟರಿಗೆ ಹೇಳಿದ: "ಇದು ಪಾಳೆಯಗಾರನ ಮಗನ ಒಳಲೆ. ಈ ತಗ್ಗು ನೋಡಿ, ಶತ್ರುವಿನ ಕಠಾರಿ ತಾಗಿದ್ದು."

"ಸುಳ್ಳು" ಎಂದು ಒಳಲೆ ಗೊಣಗಿತು. ಆದರೆ ಬಂದವರೆಲ್ಲ ಬಾಗಿ ನೋಡಿದರು, ಅಂಗೈಯಲ್ಲಿಟ್ಟುಕೊಂಡು ಬೆರಗಾದರು. ಬರಬರುತ್ತ ಗೊಣಗುವುದು ನಿಂತಿತು.

ವರ್ಷಗಳು ಕಳೆದವು. ಒಂದು ದಿನ ತಲೆ ನರೆತ ದೇವೀರಮ್ಮ ಹುಡುಕಿಕೊಂಡು ಬಂದು, "ಒಂದು ಸಲ ಕೈಗೆ ಕೊಡಿ ಸ್ವಾಮಿ, ನೋಡಿ ಕೊಟ್ಟುಬಿಡ್ತೀನಿ" ಎಂದಳು. ಅಂಚಿನ ತಗ್ಗಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತಳು.

ಒಳಲೆ ಕತ್ತಿಗೆ ಹೇಳಿತು: "ಯಾರಿವಳು? ಕಠಾರಿಯ ಗುರುತನ್ನೇ ಸವೆಸಿಬಿಡುತ್ತಾಳೆ."