ಹೆಬ್ಬೆರಳಿನಡಿಯ ವಚನ

೧೯೬೪, ಜನವರಿ ೩, ಶುಕ್ರವಾರ. ನನ್ನ ಹಳೆಯ ಡೈರಿಯಲ್ಲಿ ಹೀಗಿದೆ: "ಹೊಸ ವರ್ಷದ ವಾಗ್ದಾನದ ಚೀಟಿಗಾಗಿ ಮಕ್ಕಳಲ್ಲಿ ಜಗಳ. ಊಟವಾದ ಮೇಲೆ ಅಬ್ರಹಾಮರಾಯನ ಕತೆ ಹೇಳಿದೆ. ಯಾರೂ ನಗಲಿಲ್ಲ." ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಾನು ಬಿ.ಎ. ಮುಗಿಸಿದವಳು, ಕತೆಗೆ ಸಕ್ಕರೆ ಬೆರೆಸುವ ಅಭ್ಯಾಸ ನನಗಿಲ್ಲ.

ಅಬ್ರಹಾಮರಾಯನ ರಾಜ್ಯದಲ್ಲಿ ಡಂಗುರ ಸಾರಿದರು: "ಕೇಳಿರಪ್ಪೋ ಕೇಳಿ! ಮಹಾರಾಜರು ಬೈಬಲಿನಿಂದ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿ ಎಸ್ತೇರಮ್ಮಣ್ಣಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಗಲ್ಲು!"

ಆ ನಾಡಿನಲ್ಲಿ ಒಂದು ಪದ್ಧತಿ. ಹೊಸ ವರ್ಷದ ದಿನ ದೇವಾಲಯದ ತಟ್ಟೆಯಿಂದ ಪ್ರತಿಯೊಬ್ಬರೂ ಒಂದು ಚೀಟಿ ಎತ್ತಬೇಕು. ಅದರಲ್ಲಿ ಒಂದೇ ಒಂದು ವಚನ. ಅದೇ ಆ ವರ್ಷಕ್ಕೆ ದೇವರು ತನಗೆ ಕೊಟ್ಟ ಮಾತು. ಚೀಟಿ ಸಿಕ್ಕ ಮೇಲೆ ಗ್ರಂಥವನ್ನು ಬಿಡಿಸಿ ನೋಡುವವರೇ ಇರಲಿಲ್ಲ.

ಮೊದಲು ಬಂದವನು ಪಾಳೇಗಾರನ ಮಗ ಗಿದ್ಯೋನರಾಯ. ರಾಜ ಗ್ರಂಥ ಬಿಡಿಸಿ, ಹೆಬ್ಬೆರಳಿಟ್ಟು ಕೇಳಿದ: "ಇಲ್ಲಿ 'ದೇವರಿಲ್ಲ' ಎಂದು ಬರೆದಿದೆ. ಈ ಗ್ರಂಥ ಸುಳ್ಳು ಹೇಳುವುದಿಲ್ಲ. ಹಾಗಾದರೆ ದೇವರಿಲ್ಲವೇ?"

"ಛೆ ಛೆ! ಅದು ಬರೆದವನ ಕೈತಪ್ಪು, ಮಹಾಪ್ರಭು!" ಅಂದ ಗಿದ್ಯೋನರಾಯ. ಸೋಮವಾರ ಅವನನ್ನು ಗಲ್ಲಿಗೇರಿಸಿದರು.

ಆಮೇಲೆ ಬಂದವನು ಬುಟ್ಟಿ ಹೆಣೆಯುವವರ ಮನೆಯ ಯೋನಪ್ಪ. ಬಾಯಿಪಾಠದಲ್ಲಿ ಅವನನ್ನು ಮೀರಿಸಿದವರಿಲ್ಲ. ಮೊದಲನೆಯ ಒಗಟನ್ನು ಸಲೀಸಾಗಿ ದಾಟಿದ. ರಾಜ ಎರಡನೆಯದನ್ನು ಕೇಳಿದ: "ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ನಿನ್ನನ್ನು ಎತ್ತಿಕೊಳ್ಳುವರು ಎಂದಿದೆ. ಇದನ್ನು ನಂಬಿ ನನ್ನ ಗೋಪುರದಿಂದ ಹಾರಬಹುದೇ?"

"ಧಾರಾಳವಾಗಿ! ತೊಂಬತ್ತೊಂದನೆಯ ಕೀರ್ತನೆ, ಹನ್ನೊಂದು, ಹನ್ನೆರಡನೆಯ ವಚನ."

"ಸರಿ, ಬಾ. ಹಾರು."

ಗೋಪುರದ ಅಂಚಿನವರೆಗೆ ಹೋದ ಯೋನಪ್ಪ ಕೆಳಗೆ ನೋಡಿ ಹಿಂದಕ್ಕೆ ಸರಿದ. ಸೋಮವಾರದ ಗಲ್ಲಿಗೆಂದು ಅವನನ್ನು ಸೆರೆಮನೆಗೆ ತಳ್ಳಿದರು.

ಯೋನಪ್ಪನ ತಮ್ಮ ಲೂಕಪ್ಪನಿಗೆ ರಾಜಕುಮಾರಿಯೂ ಬೇಕಿರಲಿಲ್ಲ, ರಾಜ್ಯವೂ ಬೇಕಿರಲಿಲ್ಲ. ಅವನಿಗೆ ಅಣ್ಣ ಬೇಕಿತ್ತು. ಮನೆಯಲ್ಲಿ ಕಣ್ಣು ಕಾಣದ ಅಜ್ಜಿ ಮಾರ್ತಮ್ಮನಿಗೆ ಬೈಬಲ್ ಓದಿ ಹೇಳುತ್ತಿದ್ದವನು ಅವನೇ. ಅಜ್ಜಿ ಸುಮ್ಮನೆ ಕೇಳುವವಳಲ್ಲ. "ತಡಿಯೋ. ಇದನ್ನ ಹೇಳಿದ್ದು ಯಾರು? ಯಾರಿಗೆ? ಅದಕ್ಕೆ ಮೊದಲು ಏನಾಗಿತ್ತು?" ಎಂದು ಪೀಡಿಸುವಳು. ಒಂದು ಸಾಲು ಹಾರಿಸಿದರೂ ಬೈಗುಳ.

"ನೀನೂ ಹೊರಟೆಯಾ?" ಅಂದಳು ಅಜ್ಜಿ.

"ಅಣ್ಣನನ್ನ ಕರಕೊಂಡು ಬರ್ತೀನಿ, ಅಜ್ಜಿ."

ಆಸ್ಥಾನದಲ್ಲಿ ಲೂಕಪ್ಪ ಮೊದಲನೆಯ ಒಗಟಿಗೆ ಕೈಮುಗಿದು ಹೇಳಿದ: "ಬುದ್ಧಿ, ತಮ್ಮ ಹೆಬ್ಬೆರಳು ತೆಗೀಬೇಕು. ಅದರಡಿಯಲ್ಲಿ 'ಮೂಢನು ತನ್ನ ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ' ಅಂತ ಇದೆ. ಆ ಮಾತು ಗ್ರಂಥದ್ದಲ್ಲ, ಮೂಢನದು."

ಎರಡನೆಯದಕ್ಕೆ ಅಂದ: "ಇದೇ ವಚನ ಹೇಳಿ, ದೇವಾಲಯದ ತುದಿಯಿಂದ ಹಾರು ಅಂತ ಯೇಸುಸ್ವಾಮಿಗೆ ಹೇಳಿದವನು ಸೈತಾನ, ಬುದ್ಧಿ. ದೇವರನ್ನ ಪರೀಕ್ಷಿಸಬಾರದು ಅಂತ ಸ್ವಾಮಿ ಹಾರಲಿಲ್ಲ. ಆ ಕೀರ್ತನೆ ದೇವರ ಮರೆಹೊಕ್ಕವನಿಗೆ. ಬೇಕೆಂದೇ ಬೀಳುವವನಿಗಲ್ಲ."

ರಾಜ ಗ್ರಂಥ ಮುಚ್ಚಿ, ರುಮಾಲಿನ ಮಡಿಕೆಯಿಂದ ಒಂದು ಚೀಟಿ ತೆಗೆದ. ಅವನ ಒಬ್ಬನೇ ಮಗ ಶತ್ರುರಾಜನ ಕೋಟೆಯಲ್ಲಿ ಸೆರೆಯಾಳಾಗಿದ್ದ.

"ಈ ವರ್ಷ ನನಗೆ ಬಂದ ವಚನ ಇದು. ನನ್ನ ಆಲೋಚನೆಗಳು ನಿಮ್ಮ ಕೇಡಿಗಲ್ಲ, ಹಿತಕ್ಕೆ. ನಿಮಗೆ ನಿರೀಕ್ಷೆಯುಂಟು ಎಂದಿದ್ದಾನೆ ದೇವರು. ಹೇಳು, ನನ್ನ ಮಗ ಯಾವಾಗ ಬರುತ್ತಾನೆ?"

ಮಂತ್ರಿ ಪಕ್ಕಕ್ಕೆ ಬಾಗಿ ಪಿಸುಗುಟ್ಟಿದ: "ಬರುವ ಈಸ್ಟರಿಗೆ ಅನ್ನೋ, ಹುಚ್ಚಪ್ಪ. ತಲೆ ಉಳಿಯುತ್ತೆ."

ಲೂಕಪ್ಪ ಗ್ರಂಥ ಕೇಳಿ ಪಡೆದು, ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯವನ್ನು ಮೊದಲಿಂದ ಗಟ್ಟಿಯಾಗಿ ಓದಿದ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಹೇಳಿ ಕಳಿಸಿದ್ದು: ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ. ಎಪ್ಪತ್ತು ವರ್ಷವಾದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುವೆನು.

"ಚೀಟಿಯ ಮಾತು ಆಮೇಲೆ ಬರುತ್ತೆ, ಬುದ್ಧಿ. ಅದನ್ನ ಕೇಳಿಸಿಕೊಂಡ ದೊಡ್ಡವರೆಲ್ಲ ಬಹುಪಾಲು ಅಲ್ಲೇ ಮಣ್ಣಾದರು. ಬಂದವರು ಅವರ ಮೊಮ್ಮಕ್ಕಳು. ದೇವರು ಮಾತು ತಪ್ಪಲಿಲ್ಲ. ಆದರೆ ತಮ್ಮ ಮಗ ಯಾವಾಗ ಬರ್ತಾರೆ ಅಂತ ಇದರಲ್ಲಿ ಇಲ್ಲ. ಇಲ್ಲದ್ದನ್ನ ನಾನು ಹೇಳಲಾರೆ."

ರಾಜ ಬೆರಳಿಟ್ಟು ತಾನೇ ಓದಿದ. ಮತ್ತೆ ಓದಿದ.

"ಅಪ್ಪಾಜಿ," ಅಂದಳು ಎಸ್ತೇರಮ್ಮಣ್ಣಿ, "ಉತ್ತರ ಸರಿಯಾಗಿದೆ."

"ಸರಿಯಾಗಿದೆ," ಅಂದ ರಾಜ. "ಇವಳೂ ನಿನ್ನವಳು. ಅರ್ಧ ರಾಜ್ಯವೂ ನಿನ್ನದು."

ಲೂಕಪ್ಪ ಅವನ ಕಾಲು ಹಿಡಿದುಕೊಂಡ. "ಎರಡೂ ಬೇಡ, ಬುದ್ಧಿ. ನನ್ನ ಅಣ್ಣನನ್ನ ಬಿಟ್ಟುಬಿಡಿ."

"ಡಂಗುರದಲ್ಲಿ ಕ್ಷಮೆಯ ಮಾತಿಲ್ಲ. ಇಲ್ಲದ್ದನ್ನು ಹೇಳಲಾರೆ ಎಂದೆಯಲ್ಲ? ಇಲ್ಲದ್ದನ್ನು ನಾನೂ ಕೊಡಲಾರೆ." ರಾಜ ಎದ್ದು ನಿಂತ. "ನನ್ನ ಮಗ ಬರುವುದಿಲ್ಲ. ನಿನ್ನ ಅಣ್ಣ ಯಾಕೆ ಬರಬೇಕು?"

"ಬರುವುದಿಲ್ಲ ಅಂತ ನಾನು ಹೇಳಲಿಲ್ಲ, ಬುದ್ಧಿ!"

ರಾಜ ಆಗಲೇ ಒಳಗೆ ಹೋಗಿದ್ದ.

ಯೋನಪ್ಪನನ್ನು ಸೋಮವಾರ ಗಲ್ಲಿಗೇರಿಸಿದರು. ಮುಂದಿನ ವಾರ, ಡಂಗುರದ ಮಾತಿನಂತೆಯೇ, ರಾಜಕುಮಾರಿಯೊಂದಿಗೆ ಲೂಕಪ್ಪನ ಮದುವೆಯಾಯಿತು. ತನ್ನ ಪಾಲಿನ ರಾಜ್ಯದಲ್ಲಿ ಅವನು ಚೀಟಿಯ ತಟ್ಟೆಯನ್ನು ನಿಲ್ಲಿಸಿದ. ಅಲ್ಲಿಯ ಜನ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಲು ಕಲಿತರು, ಯಾರು ಯಾರಿಗೆ ಹೇಳಿದ್ದು ಎಂದು ಕೇಳಲು ಕಲಿತರು. ಅದಕ್ಕೆ ತೆತ್ತ ಬೆಲೆ ಇದು: ಗಿದ್ಯೋನರಾಯನ ಜೀವ, ಯೋನಪ್ಪನ ಜೀವ, ಒಬ್ಬ ತಂದೆಯ ನಿರೀಕ್ಷೆ. ಮಾರ್ತಮ್ಮ ಅರಮನೆಗೆ ಬರಲಿಲ್ಲ. ಲೂಕಪ್ಪ ತಾನೇ ಗ್ರಂಥ ಹಿಡಿದು ಮನೆಗೆ ಹೋದಾಗ ಗೋಡೆಯ ಕಡೆ ಹೊರಳಿ ಮಲಗಿದಳು. ಅವನು ಓದಿದ. ಅವಳು ಏನನ್ನೂ ಕೇಳಲಿಲ್ಲ.